ಬ್ರೇಕ್ ಎಣ್ಣೆಯ ವಾಸನೆ

ಬೆಳಗಿನ ಪ್ರಾರ್ಥನೆ ಮುಗಿಸಿ, ಗಂಜಿಗೆ ಬಾಯಿ ಹಚ್ಚುವ ಮೊದಲು ಅಜೆಕುಮ್ ಮಾಡುವ ಕೆಲಸ ಒಂದೇ. ತನ್ನ ರಿಪೇರಿ ಶೆಡ್ಡಿನಲ್ಲಿ ನಿಂತ ಪ್ರತಿ ಗಾಡಿಯ ಕೆಳಗೂ ತೆವಳಿ, ನೆಲಕ್ಕೆ ಅಂಗೈ ಒತ್ತಿ, ಎಣ್ಣೆ ಸೋರಿದೆಯೇ ಎಂದು ಮೂಸಿ ನೋಡುವುದು. ಜ್ವರವಿದ್ದರೂ ಅದನ್ನು ತಪ್ಪಿಸಿದವನಲ್ಲ. "ಗಿರಾಕಿ ಸುಳ್ಳು ಹೇಳ್ತಾನೆ, ನೆಲ ಹೇಳಲ್ಲ" ಎನ್ನುತ್ತಿದ್ದ. ಸ್ಟೀರಿಂಗ್ ಬಾಕ್ಸ್ ಸೋರಿತೆಂದರೆ ಕುಮಾಸಿ ಪಟ್ಟಣದ ಡ್ರೈವರುಗಳು ಗ್ಯಾರೇಜುಗಳ ಕೇರಿ ಸುವಾಮೆಗೆ ಬಂದು ಹುಡುಕುತ್ತಿದ್ದುದು ಅವನನ್ನೇ.

ಆ ಮಂಗಳವಾರ ಅವನಿನ್ನೂ ಗಾಡಿಯ ಕೆಳಗಿದ್ದಾಗಲೇ ಯಾರೋ ಕಾಲು ಹಿಡಿದು ದರದರ ಎಳೆದರು. ಮೊದಲ ಏಟು ಪಕ್ಕೆಗೆ ಬಿತ್ತು, ಎರಡನೆಯದು ಬಾಯಿಗೆ. ಕಣ್ಣು ಬಿಟ್ಟರೆ ಎದುರಿಗೆ ಬಸ್ ಡ್ರೈವರ್ ಫುಸೇನಿ, ಕೈಯಲ್ಲಿ ಕಬ್ಬಿಣದ ರಾಡು. ಜೊತೆಗೆ ಬಸ್ ನಿಲ್ದಾಣದ ಮೂವರು. ಹಿಂದೆ, ಹಗ್ಗ ಕಟ್ಟಿ ಎಳೆದು ತಂದ ಅವನ ಹಳೇ ಬಸ್ಸು. ಬಸ್ಸಿನ ಮುಖ ನುಜ್ಜುಗುಜ್ಜಾಗಿತ್ತು, ಮೆಟ್ಟಿಲ ಮೇಲೆ ರಕ್ತ ಒಣಗಿತ್ತು.

"ಎರಡು ವಾರದ ಹಿಂದೆ ರಿಪೇರಿ ಮಾಡಿದ್ಯಲ್ಲೋ! ಇಳಿಜಾರಲ್ಲಿ ಸ್ಟೀರಿಂಗು ಬಂಡೆ ಆಯ್ತು. ಬಾಗಿಲಲ್ಲಿ ನಿಂತಿದ್ದ ನನ್ನ ತಮ್ಮ ಗೋಡೆಗೆ ಸಿಕ್ಕಿ ಅಪ್ಪಚ್ಚಿಯಾದ. ಕಾಲು ಕತ್ತರಿಸಿದ್ರು, ಇನ್ನೂ ಎಚ್ಚರ ಬಂದಿಲ್ಲ. ಅವನ ಒಂದು ಕಾಲಿಗೆ ನಿನ್ನ ಎರಡೂ ಕೈ!"

"ಫುಸೇನಿ, ನಾನು ಹೊಸ ರಬ್ಬರ್ ಸೀಲು..."

"ಮುಚ್ಚೋ ಬಾಯಿ!"

ಎಡಗೈಯನ್ನು ಕಬ್ಬಿಣದ ದಿಮ್ಮಿಯ ಮೇಲೆ ಒತ್ತಿ ಹಿಡಿದರು. ರಾಡು ಎರಡು ಸಲ ಇಳಿಯಿತು. ಮೂರು ಬೆರಳು ಲಟಲಟನೆ ಮುರಿದವು. ಬಲಗೈಯನ್ನು ಎಳೆದಾಗ ಅವನು ಕಿರುಚಿದ: "ಮುರಿ, ಆಮೇಲೆ ಮುರಿ! ಅದಕ್ಕೆ ಮುಂಚೆ ಈ ಕೈನ ಒಂದ್ಸಲ ನಿನ್ನ ಗಾಡಿ ಕೆಳಗೆ ಒತ್ತಕ್ಕೆ ಬಿಡು. ದೇವರಾಣೆ ಓಡಲ್ಲ."

"ಕೈ ಹೋಗೋ ಹೊತ್ತಲ್ಲೂ ಮುದುಕನಿಗೆ ನೆಲ ಮೂಸೋ ಚಟ ನೋಡ್ರೋ!" ಎಂದು ಒಬ್ಬ ನಕ್ಕ. ಫುಸೇನಿ ನಗಲಿಲ್ಲ. ಬಿಡಿ ಎಂದು ಸನ್ನೆ ಮಾಡಿದ.

ಅಜೆಕುಮ್ ಸ್ಟೀರಿಂಗ್ ಬಾಕ್ಸಿನ ಕೆಳಕ್ಕೆ ತೆವಳಿದ, ಒತ್ತಿದ, ಮೂಸಿದ. ಅಂಗೈಯನ್ನು ಫುಸೇನಿಯ ಮೂಗಿಗೆ ಹಿಡಿದ.

"ಬ್ರೇಕ್ ಎಣ್ಣೆ," ಎಂದ ಫುಸೇನಿ.

"ನಾನು ತುಂಬಿದ್ದು ಸ್ಟೀರಿಂಗ್ ಎಣ್ಣೆ. ಬಾಕ್ಸ್ ಬಿಚ್ಚಿಸು."

ಅವನು ಹೇಳಿದಂತೆ ಆ ಮೂವರೇ ಬಿಚ್ಚಿದರು. ಶಾಫ್ಟಿನ ಮೇಲೆ ಹಳೇ ಸೀಲು ಸವೆಸಿದ್ದ ಗೆರೆಯಿಂದ ಉಗುರಿನಷ್ಟು ಆಚೆ, ಅಜೆಕುಮ್ ಕೂರಿಸಿದ ಕಡೆಯೇ, ಎಣ್ಣೆ ತಡೆಯುವ ರಬ್ಬರ್ ಬಳೆಯಾದ ಹೊಸ ಸೀಲು ಕೂತಿತ್ತು. ಆದರೆ ಬೆಂದ ಅಲಸಂದೆಯಂತೆ ಊದಿ, ಅಂಚು ಹರಿದುಹೋಗಿತ್ತು.

"ಬ್ರೇಕ್ ಎಣ್ಣೆ ಕುಡಿದ್ರೆ ರಬ್ಬರು ಊದುತ್ತೆ, ಸೋರೋದು ನಿಲ್ಲುತ್ತೆ. ವಾರ ಕಳೆದ್ರೆ ಕೊಳೆಯುತ್ತೆ."

"ಸುರಿದೋನು ಯಾರು?" ಎಂದ ಫುಸೇನಿ.

ಅಜೆಕುಮ್ ಬಾಯಲ್ಲಿದ್ದ ರಕ್ತ ನುಂಗಿಕೊಂಡ. ಅವನಿಗೆ ಗೊತ್ತಿತ್ತು. ಪಕ್ಕದ ಶೆಡ್ಡಿನ ಬುವಾಫೊ ಆರು ವರ್ಷ ಅವನ ಕೈಕೆಳಗೇ ಕಲಿತವನು. ದಾರಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಶೆಡ್ಡಿಗೆ ತಲುಪಿಸಲು ಒಂದು ತೊಟ್ಟು ಬ್ರೇಕ್ ಎಣ್ಣೆ ಹಾಕು, ಬಂದ ತಕ್ಷಣ ಬಸಿದು ಸೀಲು ಬದಲಿಸು ಎಂದು ಹೇಳಿಕೊಟ್ಟವನು ಅಜೆಕುಮನೇ. ಬುವಾಫೊ ಮಾತಿನ ಮೊದಲರ್ಧ ಮಾತ್ರ ಇಟ್ಟುಕೊಂಡು ಅದನ್ನೇ ಕಸುಬು ಮಾಡಿಕೊಂಡಿದ್ದ.

ಗುರು ಹೆಸರೆತ್ತಲಿಲ್ಲ. ಆದರೆ ಗಲಾಟೆಗೆ ಸೇರಿದ್ದ ಗುಂಪಿನಲ್ಲಿ ನಿಂತು ನೋಡುತ್ತಿದ್ದ ಬುವಾಫೊನ ಕಾಲು ಸುಮ್ಮನಿರಲಿಲ್ಲ. ಓಡಿದ. ಹತ್ತು ಹೆಜ್ಜೆಯಲ್ಲಿ ಹಿಡಿದು ಕೆಡವಿದರು.

"ನಿನ್ನ ತಮ್ಮನೇ ಬಂದಿದ್ದ! ಒಂಚೂರು ಒಸರ್ತಿದೆ, ಅಣ್ಣಂಗೆ ಗೊತ್ತಾದ್ರೆ ಬೈತಾನೆ ಅಂದ!" ಎಂದು ಅವನು ಒರಲುತ್ತಿದ್ದಂತೆಯೇ ಒದ್ದರು. ಹುಬ್ಬು ಸೀಳಿತು, ಹಲ್ಲೊಂದು ಮಣ್ಣಿಗೆ ಬಿತ್ತು. ಅದೇ ದಿಮ್ಮಿಯ ಮೇಲೆ ಅವನ ಬಲಗೈ ಇಟ್ಟು ಮಂಡಿಯೂರಿ ಒತ್ತಿದರು.

ಫುಸೇನಿ ಅಜೆಕುಮನ ಹತ್ತಿರ ಕುಕ್ಕರಿಸಿದ. "ತಪ್ಪಾಯ್ತು ಮೇಸ್ತ್ರಿ. ನಿಮ್ಮ ಬೆರಳಿಗೆ ಇವನ ಬೆರಳು. ನೀವು ಏಳೋದೂ ಬೇಡ, ನಿಮ್ಮ ಹೆಸರಲ್ಲಿ ನಾನೇ ಮುರೀತೀನಿ."

ಅಜೆಕುಮ್ ಆ ಕೈಯನ್ನೇ ನೋಡಿದ. ಸ್ಪ್ಯಾನರ್ ಹಿಡಿಯುವುದನ್ನು ತಾನೇ ತಿದ್ದಿದ ಕೈ. ಆ ಎಣ್ಣೆಯ ಡಬ್ಬಿಯನ್ನೂ ಆ ಕೈಗೆ ಮೊದಲ ಸಲ ಕೊಟ್ಟವನು ತಾನೇ.

"ನನ್ನ ಹೆಸರಲ್ಲಿ ಬೇಡ ಫುಸೇನಿ," ಎಂದ. "ರಾಡು ಕೆಳಗಿಡು."