ಬಿ ನಾಲ್ಕು

ಜೂನ್ ಎಂಟು, ಭಾನುವಾರ. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಇದನ್ನು ಬರೆಯಲು ಕೂತೆ. ಧೂಳು ಒರೆಸೋಣವೆಂದು ಹಾರ್ಮೋನಿಯಂನ ಮುಚ್ಚಳ ತೆಗೆದರೆ ಒಳಗಿಂದ ಲವಂಗದ ವಾಸನೆ ಬಂತು. ಹಾರ್ಮೋನಿಯಂಗೆ ಆ ವಾಸನೆ ಬರಲು ಕಾರಣವಿಲ್ಲ. ಮುಚ್ಚಳದ ಒಳಬದಿಗೆ ಒಂದು ಹಾಳೆ ಸಿಕ್ಕಿಕೊಂಡಿತ್ತು. ಮಡಿಕೆ ಬಿಡಿಸಿದರೆ ಎರಡು ಲವಂಗ, ಸುತ್ತ ಸ್ವರಗಳು. ಅಕ್ಷರ ಗಜಾನನ ಮಾಸ್ತರದು.

ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಕ್ಲಾರಿನೆಟ್ ಊದುವವರು. ಹಲ್ಲುನೋವಿಗೆ ಲವಂಗ ಕಚ್ಚುತ್ತಿದ್ದರು. ಎರಡು ವರ್ಷದ ಹಿಂದೆ ಶಿರಸಿಯ ಒಂದು ಟೈಲರ್ ಅಂಗಡಿಯ ಮಹಡಿಯಲ್ಲಿ ನಾವು ನಾಲ್ವರು ಭಾನುವಾರ ಸೇರುತ್ತಿದ್ದೆವು. ಮಾಸ್ತರು; ನಿಲ್ಕುಂದದಿಂದ ಬಸ್ಸಿನಲ್ಲಿ ಪಿಟೀಲು ತರುತ್ತಿದ್ದ ಸುಮಕ್ಕ; ಬನವಾಸಿ ಕಡೆಯ ಬಸಣ್ಣ, ಢೋಲಕ್ಕಿಗೆ; ಹಾರ್ಮೋನಿಯಂಗೆ ನಾನು. ನನ್ನ ದಿನಚರಿಯ ಪ್ರಕಾರ ಒಟ್ಟು ಮೂವತ್ತೊಂದು ಭಾನುವಾರ. ಸುಮಕ್ಕ ತಡವಾಗಿ ಬಂದದ್ದು ಹದಿನಾಲ್ಕು ಸಲ. ಇದನ್ನು ಒಮ್ಮೆ ಓದಿ ಹೇಳಿದ್ದಕ್ಕೆ, "ಆನು ಸೀನಿದ್ದು ಎಷ್ಟು ಸಲ ಹೇಳೂ ಬರ್ಕಂಜ್ಯಾ?" ಎಂದು ಕೇಳಿದ್ದಳು. ಬರೆದುಕೊಂಡಿರಲಿಲ್ಲ. ಬರೆಯಬೇಕಿತ್ತು ಅನ್ನಿಸಿದ್ದು ನಿಜ.

ಸಿನಿಮಾ ಹಾಡುಗಳನ್ನು ನಾಲ್ಕು ಜನಕ್ಕೆ ಹೊಂದಿಸಿ ಬರೆಯುವುದನ್ನು ಕಲಿಯಬೇಕೆಂದು ನಾನು ಅಲ್ಲಿಗೆ ಹೋದವಳು. ಮೂಲ ಹಾಡಿನಲ್ಲಿ ಐವತ್ತು ಜನರ ವಾದ್ಯಮೇಳ ಇರುತ್ತದೆ. ಅವರ ಕೆಲಸವನ್ನೆಲ್ಲ ನಾಲ್ವರಿಗೆ ಹಂಚಿದರಾಯಿತು ಎಂದುಕೊಂಡಿದ್ದೆ. ಮೊದಲ ಹಾಡಿಗೆ ಚೌಕುಳಿ ಹಾಳೆಯಲ್ಲಿ ಮನೆ ಹಾಕಿದೆ. ತಾಳದ ನಲವತ್ತೆಂಟು ಆವರ್ತ, ನಾಲ್ಕು ವಾದ್ಯ, ನೂರಾ ತೊಂಬತ್ತೆರಡು ಮನೆ. ಅದರಲ್ಲಿ ಖಾಲಿ ಉಳಿದದ್ದು ಐದು. ಅವೂ ಮರೆತು ಉಳಿದವು.

ಮಾಸ್ತರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಎಂತ ಕೂಸೆ, ನಾಕೂ ಜನ ಒಟ್ಟಿಗೇ ಮಾತಾಡಿ ಹೇಳಿ ಬರದ್ಯಾ? ಕೇಳವ್ವು ಯಾರು?"

ಅವರ ಮಾತಿನಲ್ಲಿ ಕೂಸು ಎಂದರೆ ಹುಡುಗಿ. ನನಗಾಗ ಇಪ್ಪತ್ತಮೂರು. ಮುಂದಿನ ಭಾನುವಾರ ಅವರು ತಿದ್ದಿದ ಹಾಳೆ ಬಂತು. ನನ್ನ ಸಾಲಿನಲ್ಲಿ ಮೂರು ಕಡೆ ಸ್ವರ ಹೊಡೆದುಹಾಕಿ "ಬಿ ೪" ಎಂದು ಬರೆದಿದ್ದರು. ನಮ್ಮ ಕಡೆ ಹಾರ್ಮೋನಿಯಂ ನುಡಿಸುವವರು ಶ್ರುತಿಯನ್ನು ಒತ್ತುವ ಮನೆಯ, ಅಂದರೆ ಕೀಲಿಯ, ಬಣ್ಣದಿಂದ ಹೇಳುತ್ತಾರೆ: ಕಪ್ಪು ಒಂದು, ಬಿಳಿ ನಾಲ್ಕು, ಹೀಗೆ. ಹಾಡು ಬಿಳಿ ಎರಡರಲ್ಲಿತ್ತು. ಬಿ ಎಂದರೆ ಬಿಳಿ, ನಡುವೆ ಬಿಳಿ ನಾಲ್ಕಕ್ಕೆ ಏರಬೇಕು, ದೊಡ್ಡ ಮೇಳದವರು ಹೀಗೇ ಮಾಡುತ್ತಾರೆ ಎಂದು ಖುಷಿಯಾಗಿ, ಆ ಮನೆ ಬಂದೊಡನೆ ಪೂರ್ತಿ ಹಾಡನ್ನು ಎತ್ತಿ ಬಿಳಿ ನಾಲ್ಕರಲ್ಲಿಟ್ಟೆ. ಪಿಟೀಲು ಅಲ್ಲೇ ನಿಂತಿತು.

"ಅಲ್ರೀ ಅಕ್ಕಾರ," ಎಂದ ಬಸಣ್ಣ, ಢೋಲಕ್ಕಿನ ಮೇಲೆ ಕೈ ಇಟ್ಟುಕೊಂಡು, "ಶಿರಸಿ ಬಸ್ಸಿನ್ಯಾಗ ಕುಂತ ಹಾಡು ಯಲ್ಲಾಪುರದಾಗ ಇಳೀತಲ್ರೀ!"

ಮಾಸ್ತರು ನಕ್ಕು ಮುಗಿಸಲು ಸ್ವಲ್ಪ ಹೊತ್ತು ಬೇಕಾಯಿತು. "ಅದು ಬಿಳಿ ಅಲ್ಲ, ಬಿಡು! ನಾಲ್ಕು ಆವರ್ತ ಕೈ ಬಿಡು."

ಬಿಡುವುದಕ್ಕೂ ಒಂದು ಗುರುತು ಬೇಕು, ಅದನ್ನೂ ಸ್ವರದ ಹಾಗೆ ಎಣಿಸಿ ಬರೆಯಬೇಕು ಎಂದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ನನ್ನ ದಿನಚರಿಯಲ್ಲಿ ಖಾಲಿ ಮನೆಗಳ ಲೆಕ್ಕ ಶುರುವಾಯಿತು. ಎರಡನೇ ಹಾಡಿನಲ್ಲಿ ಮೂವತ್ತು, ನಾಲ್ಕನೆಯದರಲ್ಲಿ ಎಪ್ಪತ್ತೊಂದು. ನಾನು ಕಲಿಯುತ್ತಿದ್ದೇನೆ ಎಂಬುದಕ್ಕೆ ಸಾಕ್ಷಿ ಎಂದು ಅವುಗಳ ಕೆಳಗೆ ಗೆರೆ ಎಳೆಯುತ್ತಿದ್ದೆ.

ಇಪ್ಪತ್ತಾರನೇ ಭಾನುವಾರದ ಹೊತ್ತಿಗೆ ಮಾಸ್ತರ ಮೇಲಿನ ಎರಡು ಮುಂದಿನ ಹಲ್ಲು ಹೋಗಿದ್ದವು. ಕ್ಲಾರಿನೆಟ್ಟಿನ ಬಾಯಿ ಆ ಹಲ್ಲುಗಳಿಗೆ ಆನಿಕೊಂಡೇ ನಿಲ್ಲಬೇಕು. ಕಟ್ಟಿಸಿದ ಹಲ್ಲು ಜಾರುತ್ತಿತ್ತು. ಏಳೆಂಟು ಆವರ್ತವಾದರೆ ಸ್ವರ ಕೀಚಲಾಗಿ ಕೀರುತ್ತಿತ್ತು. ಅದೇ ಹೊತ್ತಿಗೆ ಅವರು ಪಾಠ ಹೇಳಿದ್ದ, ಉಮ್ಮಚಗಿ ಕಡೆಯ ಶಾಲೆಯ ಹಳೆಯ ವಿದ್ಯಾರ್ಥಿಗಳು ಗ್ಯಾದರಿಂಗಿಗೆ ಕರೆದರು. ಮಾಸ್ತರು ಊದಲೇಬೇಕಂತೆ. "ಹಲ್ಲು ಹೋತು, ಉಸಿರು ಹೋಯ್ದಿಲ್ಲೆ," ಎಂದು ಅವರು ಒಪ್ಪಿಕೊಂಡುಬಿಟ್ಟರು. ಹಾಡು ಹೊಂದಿಸುವ ಕೆಲಸ ನನಗೆ ಬಿತ್ತು.

ಒಂದು ಕಾಲಕ್ಕೆ ಇಡೀ ಹಾಡು ಊದುತ್ತಿದ್ದವರಿಗೆ ನಲವತ್ತೆಂಟರಲ್ಲಿ ಎಂಟೇ ಆವರ್ತ ಕೊಟ್ಟೆ. ಉಳಿದ ನಲವತ್ತು ಮನೆಯಲ್ಲಿ "ಬಿ". ಆ ಎಂಟರ ಅಡಿಯಲ್ಲೂ ಹಾರ್ಮೋನಿಯಂ ಮತ್ತು ಪಿಟೀಲನ್ನು ದಪ್ಪಗೆ ಹಾಸಿದೆ, ಕೀರಿದರೆ ಕೇಳಬಾರದೆಂದು. ಹಾಳೆ ಕೊಡುವಾಗ ಅವರ ಮುಖ ನೋಡಲಾಗದೆ ಹಾರ್ಮೋನಿಯಂಗೆ ಗಾಳಿ ಹಾಕುವ ಭಾತಿಯ ಕೊಂಡಿ ತೆಗೆದು ಹಾಕಿ ಮಾಡುತ್ತಿದ್ದೆ.

ಮಾಸ್ತರು ಬೆರಳಿಟ್ಟು ಎಣಿಸಿದರು. "ಇದು ಬಿಳಿಯಾ, ಬಿಡುವಾ?"

"ಬಿಡು, ಮಾಸ್ತರೆ."

"ಹ್ಞಾ." ಆಮೇಲೆ ಪೆನ್ಸಿಲ್ ತೆಗೆದು, ತಮ್ಮ ಸಾಲನ್ನು ಮುಟ್ಟದೆ, ಆ ಎಂಟು ಆವರ್ತಗಳ ಕೆಳಗೆ ನನ್ನ ಸಾಲನ್ನೂ ಸುಮಕ್ಕನ ಸಾಲನ್ನೂ ಹೊಡೆದುಹಾಕಿ "ಬಿ ೮" ಎಂದು ಬರೆದರು. "ನಲವತ್ತು ಬಿಡು ಅಂದೆ, ಬಿಡ್ತಿ. ಆದ್ರೆ ಆನು ಊದಕಾರೆ ನೀ ಮುಚ್ಚಡ. ಕೀರಿದ್ರೆ ಕೀರಲಿ."

ಗ್ಯಾದರಿಂಗ್ ದಿನ ಮಧ್ಯಾಹ್ನ ಮೂರೂ ಹತ್ತಕ್ಕೆ ನಮ್ಮ ಸರದಿ ಬಂತು. ಮಾಸ್ತರು ಕ್ಲಾರಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ತುಟಿಯಲ್ಲೇ ಆವರ್ತ ಎಣಿಸುತ್ತ ಕೂತರು. ಅವರ ಎಂಟು ಆವರ್ತ ಬಂದಾಗ ನಾನೂ ಸುಮಕ್ಕನೂ ಕೈ ಬಿಟ್ಟೆವು. ಢೋಲಕ್ಕಿನ ಮೇಲೆ ಕ್ಲಾರಿನೆಟ್ ಒಂದೇ ಹೋಯಿತು. ಆರನೇ ಆವರ್ತದಲ್ಲಿ ಕೀರಿತು. ನನ್ನ ಬೆರಳುಗಳು ಹಾರ್ಮೋನಿಯಂನ ಮನೆಗಳ ಮೇಲೇ ಇದ್ದವು, ಒತ್ತಿದ್ದರೆ ಮುಚ್ಚಿಹೋಗುತ್ತಿತ್ತು. ಒತ್ತಲಿಲ್ಲ. ಮಾಸ್ತರು ಹಲ್ಲು ಸರಿಮಾಡಿಕೊಳ್ಳಲು ಅರ್ಧ ಆವರ್ತ ತೆಗೆದುಕೊಂಡರು. ಬಸಣ್ಣ ಢೋಲಕ್ಕನ್ನು ಅಷ್ಟು ಹೊತ್ತು ತೀರ ಮೆಲ್ಲಗೆ ನಡೆಸಿದ. ಉಳಿದದ್ದನ್ನು ಅವರು ಊದಿ ಮುಗಿಸಿದರು. ಆ ದಿನದ ದಿನಚರಿಯಲ್ಲಿ ಒಂದೇ ಸಾಲು ಇದೆ: ಮಾಸ್ತರು ಊದಿದ್ದು ಎಂಟು, ಕೀರಿದ್ದು ಒಂದು, ನಾನು ಬಿಟ್ಟದ್ದು ಎಂಟು.

ಮಾಸ್ತರು ಕಳೆದ ವರ್ಷ ತೀರಿಕೊಂಡರು. ಇವತ್ತು ಸಿಕ್ಕ ಹಾಳೆ ಬೇರೆ ಯಾವುದೋ ಹಾಡಿನದು, ಹೆಸರು ಬರೆದಿಲ್ಲ. ಹಾರ್ಮೋನಿಯಂ ಸಾಲು ಹದಿನಾರು ಆವರ್ತ ನಡೆದು "ಬಿ" ಎಂದು ನಿಲ್ಲುತ್ತದೆ. ಮುಂದೆ ಅಂಕಿ ಇಲ್ಲ. ಬಿಳಿಯಾದರೆ ಎಷ್ಟನೆಯದು? ಬಿಡು ಎಂದಾದರೆ ಎಷ್ಟು ಹೊತ್ತು? ಮೊದಲಿನ ನಾನಾಗಿದ್ದರೆ ಲೆಕ್ಕ ಹಾಕಿ ಒಂದು ಅಂಕಿ ತುಂಬಿಸುತ್ತಿದ್ದೆ. ಪೆನ್ಸಿಲ್ ತೆಗೆದುಕೊಂಡದ್ದೂ ಹೌದು, ಹಾಗೇ ಕೆಳಗಿಟ್ಟೆ.

ಮಾಸ್ತರ ಜೊತೆ ಮೊದಲು ನುಡಿಸಿದವರು ಸಿದ್ದಾಪುರ, ಯಲ್ಲಾಪುರದ ಕಡೆ ಇದ್ದಾರೆಂದು ಕೇಳಿದ್ದೇನೆ. ಮಾಸ್ತರ ಕೈಬರಹದಲ್ಲಿ ಅಂಕಿಯಿಲ್ಲದ "ಬಿ"ಯನ್ನು ಯಾರಾದರೂ ಕಂಡಿದ್ದರೆ, ಅಲ್ಲಿ ನೀವು ಏನು ಮಾಡಿದಿರಿ ಎಂದು ದಯವಿಟ್ಟು ಒಂದು ಸಾಲು ಬರೆಯಿರಿ. ನಾನು ಹದಿನಾರು ಆವರ್ತ ನುಡಿಸಿ, ಕೈ ಎತ್ತಿಕೊಂಡು ಕೂತಿದ್ದೇನೆ.