ಆಯತ್‌ಗಳ ಜಗಳ ಬಿಡಿಸುವ ಮೌಲವಿ

ಕುರಾನಿನ ಎರಡು ವಚನಗಳು, ಅಂದರೆ ಆಯತ್‌ಗಳು, ಒಂದಕ್ಕೊಂದು ಎದುರು ಬಿದ್ದಿವೆಯೆಂದು ಯಾರಾದರೂ ಅಂದರೆ ಸಾಕು, ಟಿಕೋಟಾದ ಲಾಡ್ಲೆಸಾಬ ಮೌಲವಿಗಳಿಗೆ ಅವತ್ತೇ ಹಬ್ಬ. ಊರೆಲ್ಲ ಜರ್ಮನಿಯ ಯುದ್ಧದ ಸುದ್ದಿಯಲ್ಲಿ ಮುಳುಗಿದ್ದರೆ ಇವರು ಕೈಯಲ್ಲಿದ್ದ ರೊಟ್ಟಿ ಮರೆತು, "ಯಾವ್ಯಾವು? ಹೇಳ್ರಿ, ಲಗೂನ ಹೇಳ್ರಿ!" ಎಂದು ಮುಂದೆ ಸರಿಯುವರು. ಯಾವ ಆಯತ್ ಅಲ್ಲಾಹನಿಂದ ಯಾವಾಗ ಇಳಿಯಿತು, ಯಾರಿಗಾಗಿ ಇಳಿಯಿತು ಎಂದು ವಿಚಾರಿಸದೆ ಬಾಯಿ ಬಿಟ್ಟವರ ಮೇಲೆ ಹರಿಹಾಯುವರು. "ಹಕೀಮ ಒಬ್ಬಗ ಮೊಸರು ಉಣ್ಣು ಅಂತಾನ, ಇನ್ನೊಬ್ಬಗ ಮುಟ್ಟಬ್ಯಾಡ ಅಂತಾನ. ಹಕೀಮ ಸುಳ್ಳೇನ್ರಿ? ಜಡ್ಡು ಬ್ಯಾರೆ!" ವಿಜಾಪುರದ ದಾರಿಯಲ್ಲಿ ಟಾಂಗಾದ ಕುದುರೆಗೂ ಅವರು ಇದನ್ನೇ ಬೋಧಿಸುತ್ತಾರೆಂದು ಊರು ನಗುತ್ತಿತ್ತು. ಒಂದಿನ ಹೊನವಾಡದ ಚಾಂದಸಾಬ, ಸತ್ತ ಅಣ್ಣನ ಹೆಂಡತಿಯನ್ನು ಮನೆ ಬಿಡಿಸಲು ಒಪ್ಪಿಗೆ ಕೇಳಿ ಬಂದ. "ವಿಧವೆ ಮರುಮದುವಿ ಆಗೂ ಮುಂದ ನಾಕು ತಿಂಗಳ ಹತ್ತು ದಿನ ಕಾಯಬೇಕಂತ ಐತಿ, ಕಾದಾಳ. ವರ್ಷತನಕ ಹೊರಗ ಹಾಕಬ್ಯಾಡ್ರಿ ಅನ್ನೋ ಆಯತ್ ರದ್ದಾಗೇತಂತಲ್ರಿ?" ಮೌಲವಿಗಳು ಚಪ್ಪಾಳೆ ತಟ್ಟಿ ಎದ್ದೇ ನಿಂತರು. "ರದ್ದಂತ ಬಾಳ ಆಲಿಮರು, ದೊಡ್ಡ ದೊಡ್ಡ ಪಂಡಿತರು ಅಂದಾರ, ಖರೆ. ಎರಡನ್ನೂ ಕೂಡಿಸಿ ಓದಿದವರೂ ಅದಾರ! ಕಾಯೂದು ಆಕಿ ಕರ್ತವ್ಯ, ವರ್ಷತನಕ ಇರೂದು ಆಕಿ ಹಕ್ಕು. ಕರ್ತವ್ಯ ಮುಗೀತಂದ್ರ ಹಕ್ಕೂ ಮುಗೀತೇನಲೇ?" ಚಾಂದಸಾಬ ತಲೆ ತಗ್ಗಿಸಿ ಹೋದ. ಗೆದ್ದ ಹುರುಪಿನಲ್ಲಿ ಮೌಲವಿಗಳು ಒಳಗೆ ಬಂದರೆ, ಅವರ ಮುದಿ ತಾಯಿ ಬೇಳೆ ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತದೆ ಅಂದಳು: "ನಿಮ್ಮಪ್ಪ ಸತ್ತಾಗ ನಿಮ್ಮ ಕಾಕಾಗ ಇದನ್ನ ಹೇಳವ್ರು ಒಬ್ರೂ ಇರಲಿಲ್ಲೋ ಬೇಟಾ. ಮನಿ ಬಿಟ್ಟು ಹೊರಟಾಗ ನೀ ನನ್ನ ಬಗಲಾಗಿನ ಕೂಸಾಗಿದ್ದಿ."