ಸೌದೆ ರಾಶಿಯ ಅಡಿಯ ಕಲ್ಲು

ಬಯಲುಸೀಮೆಯಿಂದ ಕೊಪ್ಪದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ವರ್ಗವಾಗಿ ಬಂದ ಮೊದಲ ವರ್ಷ. ಚಳಿಗಾಲಕ್ಕೆಂದು ಮನೆಯನ್ನು ಅಣಿಗೊಳಿಸಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಚಳಿ ಬಂದರೆ ಪೆಟ್ಟಿಗೆಯಿಂದ ಸ್ವೆಟರ್ ತೆಗೆಯುತ್ತಿದ್ದೆವು, ಅಷ್ಟೆ. ಇಲ್ಲಿ ದಸರಾ ಮುಗಿದು ನಾಲ್ಕು ದಿನ ಗಟ್ಟಿ ಬಿಸಿಲು ಬಿತ್ತೋ ಇಲ್ಲವೋ, ಪಕ್ಕದಲ್ಲೇ ಇದ್ದ ಮನೆಯೊಡತಿ ಹಾರೆ ಹಿಡಿದು ನನ್ನ ಬಾಗಿಲಿಗೆ ಬಂದರು. ಎಪ್ಪತ್ತು ದಾಟಿದ್ದರೂ ಒಂದು ನಿಮಿಷ ಸುಮ್ಮನೆ ಕೂರುವ ಜೀವವಲ್ಲ.

"ಮೇಡಂ, ಇವತ್ತು ರಜೆಯಲ್ವಾ? ಅಂಗಳದ ಪಾಚಿ ಕೆರೆದುಬಿಡುವ. ಒಣಗಿ ಹಿಡ್ಕೊಂಡ್ರೆ ಆಮೇಲೆ ಬಿಡೋದಿಲ್ಲ."

ಅವರು ಹೇಳಿದ್ದೆಲ್ಲ ಮಾಡಿದೆ. ಮಳೆ ತಡೆಯಲು ಜಗಲಿಗೆ ಕಟ್ಟಿದ್ದ ನೀಲಿ ಪ್ಲಾಸ್ಟಿಕ್ ಬಿಚ್ಚಿ ತೊಳೆದೆ. ನಾಲ್ಕು ತಿಂಗಳ ಮುಗ್ಗಲು ಹಿಡಿದ ಹಾಸಿಗೆ, ಕಂಬಳಿಗಳನ್ನು ಬಿಸಿಲಿಗೆ ಹಾಕಿದೆ. ಕೊನೆಗೆ ಸೌದೆ ರಾಶಿಯ ಸರದಿ. ಅದು ಅಂಗಳದ ದೂರದ ಮೂಲೆಯಲ್ಲಿತ್ತು. ಚಳಿಯಲ್ಲಿ ಬೆಳಗಿನ ಜಾವ ಅಲ್ಲಿಯವರೆಗೆ ನಡೆಯುವುದು ಬೇಡವೆಂದು ಬಚ್ಚಲಿನ ಗೋಡೆಗೆ ಒತ್ತಿ ಜೋಡಿಸಲು ಹೊರಟೆ. ತಳದ ಕೊರಡು ಎತ್ತಿದಾಗ ಒಂದು ದೊಡ್ಡ ಚಪ್ಪಡಿ ಕಲ್ಲು ಕಂಡಿತು. ಹಾರೆಯ ತುದಿಯಿಂದ ಪಾಚಿ ಕೆರೆದರೆ ಅಡಿಯಲ್ಲಿ ದುಂಡನೆಯ ಗುಳಿ. ಅದರ ಪಕ್ಕ ಇನ್ನೊಂದು. ಮತ್ತೊಂದು.

ಸೂರಿನ ನೀರು ಬಿದ್ದೂ ಬಿದ್ದೂ ಸವೆದಿರಬೇಕು ಎಂದುಕೊಂಡೆ. ಆದರೆ ಆ ಮೂಲೆಗೆ ಸೂರೇ ಇರಲಿಲ್ಲ. ಹಳೇ ಟೂತ್‌ಬ್ರಷ್ ತಂದು ಪೂರ್ತಿ ತಿಕ್ಕಿದೆ. ಎರಡು ಸಾಲು. ಒಂದರಲ್ಲಿ ಏಳು ಗುಳಿ. ಇನ್ನೊಂದರಲ್ಲಿ ಆರು, ಕೊನೆಯಲ್ಲಿ ಬರೀ ಉಳಿಯ ಗೀಚು.

"ಅಳಗುಳಿಮಣೆ!" ಎಂದು ಕೂಗಿದೆ.

ಮನೆಯೊಡತಿ ಸೊಂಟ ಹಿಡಿದುಕೊಂಡು ಬಗ್ಗಿ ನೋಡಿದರು. "ನಾವು ಚೆನ್ನೆಮಣೆ ಅಂತೇವೆ. ಅಯ್ಯೋ, ಮೂವತ್ತು ವರ್ಷದಿಂದ ಇದರ ಮೇಲೇ ಸೌದೆ ಒಟ್ಟಿದ್ದೇನಲ್ಲ ಮಾರಾಯ್ತಿ! ಮೆಣಸೆಯಲ್ಲಿ ಒಂದು ಹಳೇ ಮನೆ ಬಿಚ್ಚುವಾಗ ನಮ್ಮನೆಯವರು ಲಾರಿಯಲ್ಲಿ ಕಲ್ಲು ತಂದಿದ್ರು. ಕವುಚಿ ಬಿದ್ದಿದ್ರೆ ಈಗಲೂ ಗೊತ್ತಾಗ್ತಿರ್ಲಿಲ್ಲ."

ಸರಿ, ಹದಿನಾಲ್ಕು ಗುಳಿ ಇರಬೇಕಾದಲ್ಲಿ ಹದಿಮೂರಕ್ಕೆ ನಿಲ್ಲಿಸಿದ್ದು ಯಾಕೆ? ಅದು ನನ್ನ ತಲೆಯಿಂದ ಹೋಗಲೇ ಇಲ್ಲ. ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದರೂ ಆ ಗೀಚು ಕಣ್ಣ ಮುಂದೆ ಬರುತ್ತಿತ್ತು. ಮುಂದಿನ ಭಾನುವಾರ ಹರಿಹರಪುರದ ಮೇಲೆ ಹೋಗುವ ಬಸ್ ಹತ್ತಿ ಶೃಂಗೇರಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಮೆಣಸೆ ಸೇರಿದೆ. ಮನೆಯೊಡತಿ ಹೇಳಿದ ಹಳೇ ಮನೆಯ ಜಾಗದಲ್ಲೇ ಈಗ ತಾರಸಿ ಮನೆಯಿತ್ತು. ಆ ಮನೆಯ ಮಗಳು, ಅರವತ್ತರ ಆಸುಪಾಸಿನವರು, ಜಗಲಿಯಲ್ಲಿ ಹಳೇ ಸೀರೆಗಳನ್ನು ಹರಡಿಕೊಂಡು ಚಳಿಗೆ ಕೌದಿ ಹೊಲಿಯುತ್ತಿದ್ದರು. ಫೋನಿನಲ್ಲಿ ಕಲ್ಲಿನ ಫೋಟೋ ತೋರಿಸಿದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು.

"ಇದು ಅಮ್ಮ ಕೆತ್ತಿದ್ದು," ಎಂದರು.

ಅವರ ಅಜ್ಜಿಯದ್ದು ಕಟ್ಟುನಿಟ್ಟು. ಆಷಾಢ ಕಳೆದ ಮೇಲೆ ಚೆನ್ನೆಮಣೆ ಅಟ್ಟ ಸೇರಬೇಕು, ಮತ್ತೆ ಮುಟ್ಟುವಂತಿಲ್ಲ. ಆದರೆ ಅಮ್ಮನಿಗೆ ಪುರುಸೊತ್ತು ಸಿಗುತ್ತಿದ್ದುದೇ ಚಳಿಗಾಲದಲ್ಲಿ, ಹಪ್ಪಳ ಒಣಗಲು ಹಾಕಿ ಕಾಯುತ್ತ ಕೂರುವಾಗ. ಒಂದು ವರ್ಷ, ಸವೆದು ನುಣುಪಾದ ಒರಳು ಕಲ್ಲನ್ನು ಉಳಿಯಿಂದ ಕುಟ್ಟಿ ಮುಳ್ಳು ಹಾಕಲು ಬಂದವನು ಜ್ವರ ಬಂದು, ಉಳಿ ಸುತ್ತಿಗೆ ಅವರ ಮನೆಯಲ್ಲೇ ಬಿಟ್ಟು ಊರಿಗೆ ಹೋದ. ಅಜ್ಜಿ ಮಧ್ಯಾಹ್ನ ಮಲಗಿದಾಗಲೆಲ್ಲ ಅಮ್ಮ ಹಿತ್ತಲಿನ ಮೆತ್ತಗಿನ ಕಲ್ಲಿನ ಮೇಲೆ ಕೂತು ಕುಟ್ಟಿದರು.

"ಹದಿನಾಲ್ಕನೇದು ಶುರು ಮಾಡುವಾಗ ಅವನು ವಾಪಸ್ ಬಂದ. ಉಳಿ ಕೊಡಿ ಅಮ್ಮ ಅಂದ. ಎಂತ ಮಾಡೋದು, ಕೊಟ್ಲು."

"ಅಜ್ಜಿ ಬೈಲಿಲ್ವಾ?"

"ಅದು ಮಣೆ ಅಲ್ಲವಲ್ಲ, ಕಲ್ಲು. ಅದನ್ನ ಅಟ್ಟಕ್ಕೆ ಹಾಕ್ಲಿಕ್ಕೆ ಆಗ್ತದಾ!" ನಕ್ಕರು.

"ಮತ್ತೆ ಒಂದು ಗುಳಿ ಕಮ್ಮಿ ಇಟ್ಕೊಂಡು ಹೇಗೆ ಆಡ್ತಿದ್ರು?"

ಅವರು ಬಲಗೈಯನ್ನು ಬಟ್ಟಲಿನಂತೆ ಮಾಡಿ ನೆಲದ ಮೇಲೆ ಇಟ್ಟರು. "ಇಲ್ಲಿ. ನಾನು ಐದಾರು ವರ್ಷದವಳು. ಕೊನೇ ಗುಳಿ ಅಂದ್ರೆ ನನ್ನ ಅಂಗೈ. ಅಮ್ಮ, ಸೋದರತ್ತೆ ಇಬ್ಬರೂ ಅದಕ್ಕೇ ಬೀಜ ಹಾಕ್ತಿದ್ರು. ಅಲ್ಲಾಡಿಸಿದ್ರೆ ಬೈಗುಳ."

ಕಲ್ಲನ್ನು ವಾಪಸ್ ಕಳಿಸಲೇ ಎಂದು ಕೇಳಿದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿಯಾಗಿದೆ, ಎಲ್ಲಿ ಇಡುವುದು ಎಂದರು. ಫೋಟೋ ಮಾತ್ರ ಕಳಿಸಿಕೊಂಡರು.

ಡಿಸೆಂಬರಿನ ಒಂದು ಭಾನುವಾರ ಅವರೇ ಬಂದರು, ಸಣ್ಣ ಚೀಲದಲ್ಲಿ ಆಟಕ್ಕೆ ಬೇಕಾದ ಕೆಂಪು ಮಂಜೊಟ್ಟಿ ಬೀಜ ಹಿಡಿದುಕೊಂಡು. ಹೊಸದಾಗಿ ಸಗಣಿ ಸಾರಿಸಿದ ಅಂಗಳದಲ್ಲಿ ಬಿಸಿಲು ಕಾಯುತ್ತ ಅವರೂ ಮನೆಯೊಡತಿಯೂ ಕಲ್ಲಿನ ಎರಡು ಬದಿಗೆ ಕೂತರು. ಇಲ್ಲದ ಗುಳಿಗೆ ನಾನು ಒಂದು ತೆಂಗಿನ ಗೆರಟೆ ಇಟ್ಟೆ. ಬೀಜ ಹಂಚಿದ್ದಾಯಿತು. ಅತಿಥಿ ಮಾತ್ರ ಕೈ ಮುಂದೆ ಮಾಡಲೇ ಇಲ್ಲ.

"ಆಡಿ ಮಾರಾಯ್ತಿ, ನಿಮ್ದೇ ಮೊದಲು," ಎಂದರು ಮನೆಯೊಡತಿ.

"ನಂಗೆ ಆಟ ಬರೋದಿಲ್ಲ," ಎಂದರು ಅವರು, ತಮಗೇ ಆಗ ತಾನೇ ಗೊತ್ತಾದವರಂತೆ. "ಕೈ ಹಿಡ್ಕೊಂಡು ಕೂತದ್ದೇ ಹೊರತು ಒಂದು ಸಲವೂ ಆಡಿಲ್ಲ. ದೊಡ್ಡವಳಾಗೋದರೊಳಗೆ ಸೋದರತ್ತೆಗೆ ಮದುವೆ ಆಯ್ತು, ಅಮ್ಮ ಬಿಟ್ಟುಬಿಟ್ಲು."

ಮನೆಯೊಡತಿ ಸ್ವಲ್ಪ ಮುಂದೆ ಸರಿದು, "ಎಂತ ಕಷ್ಟ ಇಲ್ಲ. ಮೊದಲನೇ ಗುಳಿಯದ್ದು ಪೂರ್ತಿ ತೆಗೀರಿ. ಒಂದೊಂದೇ ಬಿಡ್ತಾ ಹೋಗಿ," ಎಂದರು.

ಮೊದಲ ಎರಡು ಆಟ ಸೋತರು. ಮೂರನೆಯದರಲ್ಲಿ ಮನೆಯೊಡತಿ ಎಣಿಕೆ ತಪ್ಪಿಸಿದ್ದನ್ನು ತಾವೇ ಹಿಡಿದು ಜಗಳ ತೆಗೆದರು. ನಾಲ್ಕು ಗಂಟೆಗೆ ಬಿಸಿಲು ಗುಡ್ಡದ ಹಿಂದೆ ಸರಿದು ಕಲ್ಲು ತಣ್ಣಗಾಗತೊಡಗಿತು. ಒಳಗೆ ಹೋಗೋಣವೇ ಎಂದರೆ ಇಬ್ಬರೂ ನನ್ನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಎರಡು ಶಾಲು ತಂದು ಹೊದಿಸಿ, ಕಾಫಿಗೆ ನೀರಿಡಲು ಹೋದೆ.